ಹಿಂಗೋಡೆಯ ಎರಡನೇ ದಾರಿ

ನಿವೃತ್ತ ಎಂಜಿನಿಯರನನ್ನು ಮನೆಯವರು ಮಾರ್ಕೆಟ್ಟಿಗೆ ಕಳಿಸುತ್ತಾರೆ, ಸರ್ಕಾರ ಸಮಿತಿಗೆ ಕಳಿಸುತ್ತದೆ. ಎರಡು ಕಡೆಯೂ ನಾವು ಆರಿಸಿ ತಂದದ್ದು ಯಾರಿಗೂ ಹಿಡಿಸುವುದಿಲ್ಲ. ನನ್ನನ್ನು ಕೂರಿಸಿದ ಸಮಿತಿಯ ಕೆಲಸವೇನೋ ಘನವಾದದ್ದೇ: ದೇಶದ ಕಟ್ಟಡ ಕಾನೂನನ್ನು ತಿದ್ದಿ ತೀಡಿ ಯುರೋಪಿನ ಮಟ್ಟಕ್ಕೆ ಏರಿಸುವುದು. ಆ ಮಟ್ಟ ಎಷ್ಟು ಎತ್ತರದಲ್ಲಿದೆ ಎಂದು ಯಾರಾದರೂ ಕೇಳಬೇಕೆನ್ನುವಷ್ಟರಲ್ಲಿ ವಡೆ ಬಂದುಬಿಡುತ್ತಿತ್ತು.

ನನ್ನ ಪಾಲಿಗೆ ಬಂದದ್ದು ಬೆಂಕಿ ಬಿದ್ದಾಗ ಜನ ಹೊರಗೆ ಓಡುವ ದಾರಿಯ ಅಧ್ಯಾಯ. ಯುರೋಪಿನವರ ನಿಯಮಗಳನ್ನು ಮುಂದಿಟ್ಟುಕೊಂಡು, ಬಸವನಗುಡಿಯ ನನ್ನ ಮನೆಯ ವರಾಂಡದಲ್ಲಿ ಕೂತು ಬರೆದೆ. ಮಕ್ಕಳು ಸೇರುವ ಪ್ರತಿಯೊಂದು ಕಟ್ಟಡಕ್ಕೂ ಮುಂಬಾಗಿಲಲ್ಲದೆ ಎರಡನೆಯ ದಾರಿಯೊಂದು ಇರತಕ್ಕದ್ದು. ಆ ದಾರಿ ಅಡುಗೆಮನೆಯನ್ನು ಹಾಯತಕ್ಕದ್ದಲ್ಲ. ಆಳು ನೆಟ್ಟಗೆ ನಡೆದುಹೋಗುವಷ್ಟು ಎತ್ತರವಿರತಕ್ಕದ್ದು. ಬಾಗಿಲು ಹೊರಕ್ಕೆ ತೆರೆದು, ತಾನಾಗಿಯೇ ಮುಚ್ಚಿಕೊಳ್ಳತಕ್ಕದ್ದು. ‘ತಕ್ಕದ್ದು’ ಎಂದು ಬರೆಯುವಾಗ ಮನುಷ್ಯನಿಗೆ ಬರುವ ಗಾಂಭೀರ್ಯ ಅವನು ಮಂತ್ರಿಯಾದರೂ ಬರಲಾರದು.

ಕಾನೂನಾಗುವ ಮುಂಚೆ ಈ ಕರಡನ್ನು ಕೆಲವು ಹಳೆಯ ಕಟ್ಟಡಗಳ ಮೇಲೆ ಪ್ರಯೋಗಿಸಿ ನೋಡಬೇಕೆಂದು ತೀರ್ಮಾನವಾಯಿತು. ಹಾಗೆ ಪ್ರಯೋಗಕ್ಕೆ ಸಿಕ್ಕಿದ್ದರಲ್ಲಿ ಒಂದು, ಚಾಮರಾಜಪೇಟೆಯಲ್ಲಿರುವ ನನ್ನ ಅಕ್ಕನ ಮನೆ. ಅದರ ನಡುಮನೆಯಲ್ಲಿ ಅಕ್ಕ ಶಿಶುವಿಹಾರ ನಡೆಸುತ್ತಾಳೆ. ಭಾವ ತೀರಿಕೊಂಡ ಮೇಲೆ ಅವಳೂ ಅವಳ ಅತ್ತೆಯೂ ಸೇರಿ ಕಟ್ಟಿದ ಶಾಲೆ ಅದು. ಅತ್ತೆಯೂ ಹೋದ ಮೇಲೆ ಅಕ್ಕನಿಗೆ ಬೆಳಿಗ್ಗೆ ಏಳುವುದಕ್ಕೆ ಉಳಿದ ಕಾರಣ ಅದೊಂದೇ. ಶಾಲೆಯ ಪರವಾನಗಿ ಆ ಬೇಸಗೆಗೆ ಮುಗಿಯುವುದರಲ್ಲಿತ್ತು. ಪ್ರಯೋಗದಲ್ಲಿ ಪಾಸಾದರೆ ಮುಂದುವರಿಯುತ್ತದೆ, ಇಲ್ಲವಾದರೆ ಜೂನ್ ತಿಂಗಳಿಗೆ ಶಾಲೆ ಇಲ್ಲ ಎಂದು ಕಚೇರಿಯವರು ತಿಳಿಸಿದ್ದರು.

ತಪಾಸಣೆಗೆ ಬಂದ ಅಧಿಕಾರಿ ನನಗಿಂತ ಬಹಳ ಚಿಕ್ಕವರು. ನಾನು ಸಮಿತಿಯವನೆಂಬ ಗೌರವ, ಮನೆಯಾಕೆಯ ತಮ್ಮನೆಂಬ ಅನುಮಾನ, ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿ ನನ್ನೊಡನೆ ಮಾತಾಡುತ್ತಿದ್ದರು. ಅವರು ಬಂದಾಗ ಮಕ್ಕಳು ಚಾಪೆಗಳ ಮೇಲೆ ಕೂತು ಮಗ್ಗಿ ಹೇಳುತ್ತಿದ್ದವು. ಆ ಮಕ್ಕಳು ಕೂರುವುದರಲ್ಲಿ ಒಂದು ಕ್ರಮವಿತ್ತು. ನಾನು ಎಷ್ಟೋ ಸಲ ನೋಡಿ, ಕೇಳದೆ ಬಿಟ್ಟದ್ದು. ನಡುವೆ ಒಬ್ಬರು ಓಡಾಡುವಷ್ಟು ಜಾಗ ಬಿಟ್ಟು ಎರಡು ಪಾಲಾಗಿ ಕೂರುತ್ತಿದ್ದವು. ಆ ಖಾಲಿ ಜಾಗ ನೇರವಾಗಿ ಹಿಂಗೋಡೆಯವರೆಗೆ ಹೋಗಿ ಅಲ್ಲಿ ನಿಲ್ಲುತ್ತಿತ್ತು. ಹೊಸದಾಗಿ ಸೇರಿದ ಮಗು ಕೂಡ, ಅಳು ನಿಂತ ದಿನದಿಂದ, ಅದನ್ನು ದಾಟದೆ ಸುತ್ತಿಕೊಂಡು ಹೋಗುತ್ತಿತ್ತು. ಅಧಿಕಾರಿಗೆ ಇದನ್ನು ಕಂಡು ಬಹಳ ಸಂತೋಷವಾಯಿತು. ಯುರೋಪಿನ ನಿಯಮದಂತೆ ಓಡಾಟಕ್ಕೆ ದಾರಿ ಬಿಟ್ಟಿದ್ದೀರಿ, ಯಾರು ಕಲಿಸಿದ್ದು ಎಂದು ಕೇಳಿದರು. ಯಾರೂ ಕಲಿಸಿಲ್ಲ ಎಂದಳು ಅಕ್ಕ. ಅಧಿಕಾರಿ ಅದನ್ನು ವಿನಯವೆಂದು ತಿಳಿದರು.

ಮಕ್ಕಳು ಮನೆಗೆ ಹೋದ ಮೇಲೆ ಹೊಗೆಯ ಪರೀಕ್ಷೆ. ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ನಡುಮನೆಯ ಮಧ್ಯದಲ್ಲಿ ಸಣ್ಣದೊಂದು ಡಬ್ಬದಲ್ಲಿ ಹೊಗೆ ಹುಟ್ಟಿಸಿ, ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೋಗುತ್ತದೆ ಎಂದು ನೋಡುವುದು. ಹೊಗೆ ಮೇಲೇರಿ ಸೂರನ್ನು ಮುಟ್ಟಬೇಕು. ನಾನು ಕಲಿತ ಭೌತಶಾಸ್ತ್ರದಲ್ಲಿ ಹಾಗಿದೆ. ಇದು ಮಂಡಿಯೆತ್ತರಕ್ಕೆ ಎದ್ದು, ಸ್ವಲ್ಪ ಯೋಚಿಸಿದಂತೆ ಮಾಡಿ, ಮಕ್ಕಳು ಖಾಲಿ ಬಿಡುತ್ತಿದ್ದ ಜಾಗ ಹಿಡಿದು ಹಿಂಗೋಡೆಯ ಕಡೆಗೆ ನಡೆಯಿತು. ಗೋಡೆಯ ಮೇಲೆ ಮೊಲ, ಬಾತುಕೋಳಿಗಳ ಚಿತ್ರ ಬರೆಸಿದ್ದಳು ಅಕ್ಕ. ಮೊದಲು ಮೊಲ ಮಸುಕಾಯಿತು. ಆಮೇಲೆ ಹೊಗೆ ಗೋಡೆಯೊಳಕ್ಕೆ ಇಳಿಯತೊಡಗಿತು. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಲ್ಲಿ ಇಳಿಯುತ್ತಾ ಅದು ಗೋಡೆಯ ಮೇಲೆ ಒಂದು ಚೌಕಟ್ಟು ಬರೆಯಿತು. ಅಗಲ ಬಾಗಿಲಿನದು. ಎತ್ತರ ಮಾತ್ರ ನನ್ನ ಎದೆಯವರೆಗೆ.

ಅಧಿಕಾರಿ ಮನೆಗಳ ಹಿಂದೆ ಹಾದುಹೋಗುವ ಕನ್ಸರ್ವೆನ್ಸಿ ಗಲ್ಲಿಗೆ ಓಡಿಹೋಗಿ ನೋಡಿ, ಕೆಮ್ಮುತ್ತಾ ನಗುತ್ತಾ ಬಂದರು. ಹೊಗೆ ಆ ಕಡೆ ಬರುತ್ತಿದೆ, ಗೋಡೆ ಅಲ್ಲಿ ಸಡಿಲವಾಗಿದೆ, ನಿಮಗೆ ಬೇಕಾದ ಎರಡನೇ ದಾರಿ ಸಿಕ್ಕಿಬಿಟ್ಟಿತು ಎಂದು ಅಭಿನಂದಿಸಿದರು. ಅಕ್ಕನಿಗೆ ಹೇಳಲು ನಾನು ತಿರುಗಿದರೆ ಅವಳು ಅಲ್ಲಿರಲಿಲ್ಲ. ಅಡುಗೆಮನೆಗೆ ಹೋಗಿ ಕೂತಿದ್ದಳು.

ಕಾರಣ ನನಗೆ ಗೊತ್ತಿತ್ತು. ಅವಳ ಅತ್ತೆ ತೀರಿಕೊಂಡದ್ದು ಪಂಚಕದಲ್ಲಿ. ನಮ್ಮಲ್ಲಿ ಹಳಬರ ಲೆಕ್ಕದ ಪ್ರಕಾರ ಕೆಲವು ನಕ್ಷತ್ರಗಳು ಸಾಯುವುದಕ್ಕೆ ಒಳ್ಳೆಯವಲ್ಲ. ಒಳ್ಳೆಯವು ಯಾವುವೆಂದು ಈ ವಯಸ್ಸಿನಲ್ಲೂ ನಾನು ವಿಚಾರಿಸಲು ಹೋಗಿಲ್ಲ. ಅಂಥ ನಕ್ಷತ್ರದಲ್ಲಿ ಪ್ರಾಣ ಹೋದರೆ ಬದುಕಿರುವವರು ಓಡಾಡುವ ಬಾಗಿಲಿನಿಂದ ದೇಹವನ್ನು ತೆಗೆಯುವಂತಿಲ್ಲ. ಗೋಡೆ ಒಡೆದು, ಆ ಕಂಡಿಯಿಂದ ಸಾಗಿಸಿ, ಅವತ್ತೇ ಅದನ್ನು ಮುಚ್ಚಿ, ಮನೆಗೆ ಬೀಗ ಹಾಕಿ, ತಿಂಗಳುಗಟ್ಟಲೆ ಬೇರೆ ಕಡೆ ಇರಬೇಕು. ಹೋದವರು ಹಿಂದಿರುಗಿ ಬಂದರೆ ಹೋದ ದಾರಿ ಅಲ್ಲಿರಬಾರದು, ಮಾತಾಡಿಸಲು ಜನವೂ ಇರಬಾರದು. ನಾನು ಆಗ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದೆ. ಬರುವ ಹೊತ್ತಿಗೆ ಎಲ್ಲ ಮುಗಿದು ಮನೆಗೆ ಬೀಗ ಬಿದ್ದಿತ್ತು. ಅವಧಿ ಮುಗಿಯುವವರೆಗೆ ಅಕ್ಕ ಬಸವನಗುಡಿಯಲ್ಲಿ ನಮ್ಮೊಡನಿದ್ದಳು. ಹಿಂದಿರುಗಿದವಳೇ ಆ ಗೋಡೆಗೆ ಗಾರೆ ಬಳಿಸಿ ಮೊಲ ಬರೆಸಿದಳು. ಎಲ್ಲಿ ಒಡೆದಿದ್ದರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ಹೊಗೆ ಹೇಳಿತು. ಕಂಡಿಗೆ ಎದೆಮಟ್ಟದ ಎತ್ತರ ಸಾಕಾಗಿತ್ತು. ಅದರಲ್ಲಿ ಹೋಗುವವರು ನಿಂತುಕೊಂಡು ಹೋಗುವುದಿಲ್ಲ.

ಅಕ್ಕ ತಲೆಯೆತ್ತದೆ ಕೇಳಿದಳು. “ಬೇರೆ ಎಲ್ಲಾದ್ರೂ ಒಡಿಯೋಕಾಗಲ್ವೇನೋ?”

ಎರಡು ಪಕ್ಕದ ಗೋಡೆಗಳೂ ನೆರೆಯವರ ಮನೆಗೆ ಅಂಟಿಕೊಂಡಿವೆ, ಹಿಂದುಗಡೆ ಉಳಿದದ್ದೆಲ್ಲ ಬಚ್ಚಲು ಮತ್ತು ಅಡುಗೆಮನೆ ಎಂದು ವಿವರಿಸಿದೆ.

“ಅಡುಗೆಮನೇಲಿ ಹೋಗ್ಬಾರ್ದು ಅಂತ ಬರ್ದೋರ್ ಯಾರು?”

“ಯುರೋಪಿನವರು” ಎಂದೆ.

“ಅವ್ರ ಅತ್ತೇರನ್ನ ಎಲ್ಲಿಂದ ತೆಗೀತಾರಂತೆ?”

ಸಮಿತಿಯ ಮುಂದೆ ಈ ಪ್ರಶ್ನೆ ಬಂದಿರಲಿಲ್ಲ. ಅವಳೇ ಮುಂದುವರಿಸಿ, “ಆ ಗೋಡೆ ಮುಚ್ಚಿದ್ದೇ ಅವ್ರು ಬರ್ಬಾರ್ದು ಅಂತ ಕಣೋ. ಇಷ್ಟು ವರ್ಷ ಅವ್ರು ಆ ಕಡೆ, ನಾನು ಈ ಕಡೆ. ಮಕ್ಕಳನ್ನ ಮಧ್ಯೆ ಕೂರಿಸ್ಕೊಂಡು ನಾನೇ ತೆಗ್ದುಬಿಡ್ಲಾ?” ಎಂದಳು. ಅವಳಿಗೆ ಅತ್ತೆಯ ಮೇಲೆ ಕೋಪವೇನೂ ಇರಲಿಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ಹುರಿಗಾಳು ತಿನ್ನುವಷ್ಟು ಒಳ್ಳೆಯ ಸ್ನೇಹಿತೆಯರು. ಅದಕ್ಕೇ ಹೆಚ್ಚು ಹೆದರಿದ್ದಳೆಂದು ಕಾಣುತ್ತದೆ. ಬಂದರೆ ಹೋಗಿ ಎನ್ನುವ ಧೈರ್ಯ ಅವಳಿಗಿರಲಿಲ್ಲ.

ಪುರೋಹಿತರನ್ನು ಕೇಳಿಕೊಂಡು ಬಂದಳು. ಅವರು ಬಹಳ ಹೊತ್ತು ಪಂಚಾಂಗ ತಿರುವಿ, ತೆರೆಯಬಾರದು ಎಂದು ಎಲ್ಲೂ ಹೇಳಿಲ್ಲ, ಆದರೆ ಬದುಕಿರುವವರು ಆ ದಾರಿಯಿಂದ ಒಳಗೆ ಬರಕೂಡದು, ಹೊರಗೆ ಹೋಗುವುದಕ್ಕೆ ಮಾತ್ರ ಇರಲಿ ಎಂದರಂತೆ. ಕೇಳಿ ನನಗೆ ರೋಮಾಂಚನವಾಯಿತು. ಯುರೋಪಿನ ನಿಯಮವೂ ಅಕ್ಷರಶಃ ಅದೇ. ಒಳಗಿನಿಂದ ತಳ್ಳಲು ಬಾಗಿಲಿಗೆ ಅಡ್ಡಲಾಗಿ ಒಂದು ಸರಳು. ಹೊರಗಡೆ ಹಿಡಿಯೂ ಇಲ್ಲ, ಚಿಲಕವೂ ಇಲ್ಲ. ಹೋದವರು ಆ ದಾರಿಯಿಂದ ಬರುವಂತಿಲ್ಲ. ಯುರೋಪೂ ಪುರೋಹಿತರೂ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಕ್ಕ ಮಾತ್ರ ಇನ್ನೂ ಅತ್ತಿತ್ತ ತೂಗುತ್ತಿದ್ದಳು. ಅಷ್ಟರಲ್ಲಿ ಮಗುವೊಂದರ ತಾಯಿ ಬಂದು, ಮಲ್ಲೇಶ್ವರದಲ್ಲಿ ಬೇರೆ ಶಾಲೆ ವಿಚಾರಿಸುತ್ತಿದ್ದೇವೆ, ಬೇಸರ ಮಾಡಿಕೊಳ್ಳಬೇಡಿ ಎಂದು ಹೇಳಿ ಹೋದಳು. ಮರುದಿನ ಅಕ್ಕ ಫೋನು ಮಾಡಿ ಗಾರೆಯವನನ್ನು ಕಳಿಸು ಎಂದಳು.

ಗಾರೆಯವನು ದೊಡ್ಡ ಸುತ್ತಿಗೆಯನ್ನೇ ತಂದಿದ್ದ. ಬೇಕಾಗಲಿಲ್ಲ. ಮೇಲಿನ ಗಾರೆ ಕೆತ್ತಿದ ಮೇಲೆ ಇಟ್ಟಿಗೆಗಳು ಕೈಗೇ ಬಂದವು. ನಡುವಿನ ಮಣ್ಣು ಇನ್ನೂ ಹಸಿಯಾಗಿತ್ತು. ಚಿಟಿಕೆ ಎತ್ತಿ ಉಜ್ಜಿ ನೋಡಿ, “ಇದು ಯಾವಾಗ ಮುಚ್ಚಿದ್ದು ಸಾರ್, ನಿನ್ನೇನಾ?” ಎಂದ. ನಾನು ಹಳೇ ಮನೆಯ ತೇವ ಎಂದೆ. ಹೊರಗಡೆಯ ಸಂದುಗಳಲ್ಲಿ ಮಣ್ಣು ಸವೆದಿರಲಿಲ್ಲ. ಒಳಗಡೆ, ಗಾರೆಯ ಹಿಂದೆ, ಪ್ರತಿ ಸಂದಿನಲ್ಲೂ ಮಣ್ಣು ಬೆರಳಿನಿಂದ ಕೆರೆದಂತೆ ಸವೆದಿತ್ತು. ನಾನು ಅದನ್ನು ಇಲಿಗಳ ಲೆಕ್ಕಕ್ಕೆ ಹಾಕಿದೆ. ಎಂಜಿನಿಯರಿಂಗಿನಲ್ಲಿ ಇಲಿಗಳಿಂದ ಬಹಳ ಸಹಾಯವಾಗಿದೆ. ಊಟವಾದ ಮೇಲೆ ಗಾರೆಯವನು, ಅಮ್ಮಾವರು ಇಲ್ಲೇ ಕುರ್ಚಿ ಹಾಕಿಕೊಂಡು ಕೂತರೆ ಮಾತ್ರ ಕೆಲಸ ಮುಂದುವರಿಸುತ್ತೇನೆ ಎಂದ. ಸೆಖೆ ಎಂದು ಕಾರಣ ಕೊಟ್ಟ. ಸೆಖೆಗೂ ಅಕ್ಕ ಕೂರುವುದಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ನಾನೂ ಕುರ್ಚಿ ತಂದುಕೊಂಡೆ.

ಕಂಡಿಯನ್ನು ನಿಂತು ಹೋಗುವಷ್ಟು ಎತ್ತರಿಸಿ, ಬಾಗಿಲು ಕೂರಿಸಿ, ಸರಳು ಹಾಕಿ, ತಾನಾಗಿಯೇ ಮುಚ್ಚಿಕೊಳ್ಳುವ ಸ್ಪ್ರಿಂಗು ಬಿಗಿದದ್ದಾಯಿತು. ಕೊನೆಯ ಪರೀಕ್ಷೆಗೆ ಅಧಿಕಾರಿ ಬೆಳಿಗ್ಗೆಯೇ ಬಂದರು. ಬೆಂಕಿ ಬೀದಿಯ ಕಡೆ ಬಿದ್ದಿದೆ ಎಂದು ಭಾವಿಸತಕ್ಕದ್ದು. ಆದ್ದರಿಂದ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಬೀಗದ ಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಕಿಟಕಿಗಳನ್ನೂ ಮುಚ್ಚಿಸಿದರು. ಅವರೂ ನಾನೂ ಸುತ್ತಿಕೊಂಡು ಬಂದು ಹಿಂದಿನ ಗಲ್ಲಿಯಲ್ಲಿ ನಿಂತೆವು. ಒಳಗೆ ಅಕ್ಕ ಗಂಟೆ ಹೊಡೆದಳು.

ಗಂಟೆ ಹೊಡೆದರೆ ಬೀದಿಯೇ ಕಿತ್ತುಹೋಗುವಂತೆ ಕೂಗುವ ಮಕ್ಕಳು ಆವತ್ತು ಸದ್ದಿಲ್ಲದೆ ಬಂದವು. ಒಬ್ಬರನ್ನೊಬ್ಬರು ನೂಕಲಿಲ್ಲ, ನಗಲಿಲ್ಲ. ಹೊಸ್ತಿಲಲ್ಲಿ ಪ್ರತಿಯೊಂದು ಮಗುವೂ ಒಂದು ಕ್ಷಣ ಪಕ್ಕಕ್ಕೆ ಸರಿದು, ಯಾರಿಗೋ ತಗುಲದಂತೆ ಮೈ ಹಿಡಿದುಕೊಂಡು ದಾಟಿತು. ಶಿಸ್ತು ಅಂದ್ರೆ ಇದು ಎಂದು ಅಧಿಕಾರಿ ಪಿಸುಗುಟ್ಟಿದರು. ಹೊಣೆ ಹೊತ್ತವರು ಎಲ್ಲರಿಗಿಂತ ಕೊನೆಗೆ ಹೊರಬರತಕ್ಕದ್ದೆಂದು ನಾನೇ ಬರೆದಿದ್ದೆ. ಅಕ್ಕ ಕೊನೆಗೆ ಬಂದಳು. ಬಾಗಿಲನ್ನು ಒಂದು ಕೈಯಲ್ಲಿ ತಳ್ಳಿ ಹಿಡಿದು ಹೊಸ್ತಿಲಲ್ಲಿ ನಿಂತವಳು ಮುಂದೆ ಕಾಲಿಡಲಾರದೆ ಒಳಗೆ ನೋಡಿದಳು. ಆಮೇಲೆ ಪೂರ್ತಿ ತಿರುಗಿ, ಮನೆಗೆ ಬೆನ್ನು ತೋರಿಸದೆ, ಗರ್ಭಗುಡಿಯಿಂದ ಬರುವವರಂತೆ ಹಿಂದುಹಿಂದಕ್ಕೆ ನಡೆದು ಗಲ್ಲಿಗೆ ಇಳಿದಳು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಕರಡಿನಲ್ಲಿ ಇದ್ದಂತೆಯೇ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಆಗ ಒಳಗಡೆಯಿಂದ ಸರಳು ಒತ್ತಿದ ಸದ್ದಾಯಿತು.

ಬಾಗಿಲು ಮೆಲ್ಲಗೆ ತೆರೆಯಿತು. ಒಬ್ಬರು ಪಕ್ಕವಾಗಿ ಬರುವಷ್ಟು ತೆರೆದು ಹಾಗೆಯೇ ನಿಂತಿತು. ಎಳೆಯುವುದು ಸ್ಪ್ರಿಂಗಿನ ಧರ್ಮ, ಅದು ಎಳೆಯಲಿಲ್ಲ. ಗಾಳಿಯ ಒತ್ತಡ ಎಂದು ನಾನು ಹೇಳಬೇಕೆಂದುಕೊಂಡೆ. ಅಧಿಕಾರಿಯ ಕೈ ಜೇಬಿನ ಬೀಗದ ಕೈಯ ಮೇಲಿತ್ತು. ಗೋಡೆಯ ಆಚೆಯಿಂದ ಬರುತ್ತಾರೆಂದು ನಾವು ಇಷ್ಟು ವರ್ಷ ಹೆದರಿದ್ದವರು ಮನೆಯ ಒಳಗೇ ಇದ್ದಿರಬಹುದೆಂದು ನನಗೆ ಆಗ ಹೊಳೆಯಿತು. ಅಕ್ಕನಿಗೆ ನನಗಿಂತ ಮೊದಲೇ ಹೊಳೆದಿರಬೇಕು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮುಂದೆ ಹೋಗಿ ಬಾಗಿಲಿನ ಅಂಚನ್ನು ಹಿಡಿದುಕೊಂಡು, ತಾನು ಒಂದು ಬದಿಗೆ ಸರಿದು ನಿಂತಳು.

“ನಿಧಾನ ಅತ್ತೆ, ಹೊಸ್ತಿಲು ಎತ್ತರ ಇದೆ” ಎಂದಳು.

ಸ್ವಲ್ಪ ಹೊತ್ತು ಹಿಡಿದಿದ್ದು ಕೈ ಬಿಟ್ಟಳು. ಬಾಗಿಲು ಮುಚ್ಚಿಕೊಂಡಿತು. ಮಕ್ಕಳು ಒಮ್ಮೆಲೇ ಗಲಾಟೆ ಶುರು ಮಾಡಿದವು.

ಅಧಿಕಾರಿ ಕೆಲಸದಲ್ಲಿ ನಿಷ್ಠೆಯುಳ್ಳವರು. ಬೆವರು ಒರೆಸಿಕೊಂಡು, ಕೇಳಲೇಬೇಕಾದ ಕೊನೆಯ ಪ್ರಶ್ನೆಯನ್ನು ಕೇಳಿದರು. “ಎಲ್ರೂ ಹೊರಗೆ ಬಂದ್ರಾ ಮೇಡಂ?”

ಅಕ್ಕ ಗಲ್ಲಿಯ ಕೊನೆಯವರೆಗೂ ನೋಡುತ್ತಿದ್ದಳು.

“ಈಗ ಬಂದ್ರು” ಎಂದಳು.

ಅವರು ಗುರುತು ಹಾಕಿ ಸಹಿ ಮಾಡಿದರು.