ಗೋಲಿನ ಹಿಂದೆ ಮೈಸೂರು ಪೇಟ

ಆ ಜರ್ಮನ್ ಫುಟ್‌ಬಾಲ್ ಕ್ಲಬ್ಬಿನ ಹೆಸರನ್ನು ನಾನೀಗ ಬಾಯಲ್ಲೂ ಹೇಳುವುದಿಲ್ಲ. ಒಂದು ಕಾಲಕ್ಕೆ ಅದೇ ನನ್ನ ಮನೆದೇವರು. ವಾರವೆಲ್ಲ ಡಚ್ಚರ ನಾಡಿನ ಹೋಫ್‌ಡಾರ್ಪ್ ಎಂಬ ಊರಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೊಳೆಯುತ್ತಿದ್ದವನಿಗೆ ಶನಿವಾರ ಬಂತೆಂದರೆ ಜೀವ ಬರುತ್ತಿತ್ತು. ಈ ಕಡೆಯ ಅಭಿಮಾನಿಗಳೆಲ್ಲ ಸೇರಿ ಬಸ್ಸು ಮಾಡಿಕೊಂಡು ಗಡಿ ದಾಟಿ ಪಂದ್ಯಕ್ಕೆ ಹೋಗುತ್ತಿದ್ದೆವು. ಬಸ್ಸಿನ ತುಂಬ ಡಚ್ಚರು, ಕನ್ನಡದವನು ನಾನೊಬ್ಬನೇ.

ಕಲ್ಲಿದ್ದಲು ಗಣಿಯ ಕೂಲಿಗಳು ಕಟ್ಟಿದ ಕ್ಲಬ್ ಅದು. ಗಣಿ ಮುಚ್ಚಿ ಎಷ್ಟೋ ಕಾಲವಾಗಿದೆ, ಜಂಬ ಮಾತ್ರ ಹಾಗೇ ಇದೆ. ಗೋಲಿನ ಹಿಂದೆ ಕುರ್ಚಿಗಳಿಲ್ಲದ ಮೆಟ್ಟಿಲುಗಳು. ಅಲ್ಲಿ ಪೂರ್ತಿ ಆಟ ನಿಂತೇ ನೋಡಬೇಕು, ನಿಂತೇ ಹಾಡಬೇಕು. ಟಿಕೆಟ್ಟಿನಲ್ಲಿ ಜಾಗದ ನಂಬರ್ ಇರುವುದಿಲ್ಲ, ಆದರೂ ಯಾರ ಜಾಗ ಯಾವುದೆಂದು ಎಲ್ಲರಿಗೂ ಗೊತ್ತು. ಅಜ್ಜ ನಿಂತಲ್ಲಿ ಮೊಮ್ಮಗ ನಿಲ್ಲುತ್ತಾನೆ. ಹೊರಗಿನವನಿಗೆ ಅಲ್ಲಿ ಜಾಗ ಸಿಗುವುದೆಂದರೆ ಹುಡುಗಾಟವಲ್ಲ. ಮಳೆ ಚಳಿ ಎನ್ನದೆ ಹೋಗಿ, ಗಂಟಲು ಹರಿಯುವಂತೆ ಹಾಡಿದ ಮೇಲೆ ಒಂದು ದಿನ ನಮ್ಮ ಬಸ್ಸಿನ ಗುಂಪಿಗೆಲ್ಲ ಯಜಮಾನನಾಗಿದ್ದ ಡಚ್ಚ ತನ್ನ ಪಕ್ಕದ ಕಂಬಿ ತಟ್ಟಿ, “ಇಲ್ಲಿ ನಿಲ್ಲು” ಎಂದ. ಪರದೇಶಕ್ಕೆ ಬಂದ ಮೇಲೆ ಯಾರಾದರೂ ತಾವಾಗಿ ನನಗೆ ಬಿಟ್ಟುಕೊಟ್ಟ ಜಾಗವೆಂದರೆ ಅದೊಂದೇ.

ಕೊರೊನಾ ಬಂದು ಎಲ್ಲ ಮುಚ್ಚಿತು. ಕೆಲವು ವಾರ ಕಳೆದ ಮೇಲೆ, ಪ್ರೇಕ್ಷಕರಿಲ್ಲದೆಯೇ ಪಂದ್ಯ ಆಡಿಸುತ್ತೇವೆ ಅಂದರು. ಮೈಯೆಲ್ಲ ಉರಿದುಹೋಯಿತು. ನಾವಿಲ್ಲದೆ ಅದೆಂಥ ಆಟ, ಮಣ್ಣಾಂಗಟ್ಟಿ! ಕ್ಲಬ್ಬಿನವರು ಅದರ ಮೇಲೆ ಇನ್ನೊಂದು ನಾಟಕ ತೆಗೆದರು: ಫೋಟೊ ಕಳಿಸಿ, ನಿಮ್ಮ ಆಳೆತ್ತರದ ರಟ್ಟಿನ ಬೊಂಬೆ ಮಾಡಿಸಿ ಮೆಟ್ಟಿಲ ಮೇಲೆ ನಿಲ್ಲಿಸುತ್ತೇವೆ. ಥೂ! ಫೋಟೊ ಕಳಿಸಿದವನಿಗೆ ಇನ್ನು ನಮ್ಮ ನಡುವೆ ಜಾಗವಿಲ್ಲ ಎಂದು ಯಜಮಾನ ಬಸ್ಸಿನ ವಾಟ್ಸಾಪ್ ಗುಂಪಿನಲ್ಲಿ ಬರೆದ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಹೌದೆಂದವನು ನಾನೇ.

ಮೊದಲ ಪಂದ್ಯವನ್ನು ಬೈಯುವುದಕ್ಕೆಂದೇ ಟಿವಿ ಹಾಕಿಕೊಂಡು ಕೂತೆ. ಕ್ಯಾಮೆರಾ ಗೋಲಿನ ಹಿಂದಕ್ಕೆ ಹೋಯಿತು. ಜರ್ಸಿ ತೊಟ್ಟ ರಟ್ಟಿನ ಜರ್ಮನ್ನರ ನಡುವೆ ಮೈಸೂರು ಪೇಟ, ಹಣೆಗೆ ಕುಂಕುಮ, ಕೊರಳಲ್ಲಿ ಗುಲಾಬಿ ಹಾರ. ಹಲ್ಲು ಕಿರಿದು ನಿಂತಿದ್ದವನು ನಾನು! ನಮ್ಮ ಆರತಕ್ಷತೆಯ ಫೋಟೊ. ಆ ಹಾಳು ಕ್ಯಾಮೆರಾದವನಿಗೆ ಪೇಟ ಎಷ್ಟು ಹಿಡಿಸಿತೆಂದರೆ ಹತ್ತಿರ ಹತ್ತಿರ ಹೋಗಿ ತೋರಿಸಿದ.

“ಏನೇ ಇದು!” ಎಂದು ಕಿರುಚಿದೆ.

ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. “ಅಯ್ಯೋ, ಬಂದೇಬಿಡ್ತಾ! ಸರ್‌ಪ್ರೈಸ್ ರೀ. ಬರ್ತ್‌ಡೇ ಗಿಫ್ಟು. ನಾನೇ ಆರ್ಡರ್ ಮಾಡ್ದೆ.”

“ತಲೆ ನೆಟ್ಟಗಿದ್ಯಾ ನಿಂಗೆ? ಯಾರನ್ನ ಕೇಳಿ ಕಳಿಸ್ದೆ? ಅದೂ ಪೇಟ ಇಟ್ಕೊಂಡಿರೋ ಫೋಟೊನಾ?”

“ನೀವು ನಗ್ತಾ ಇರೋ ಫೋಟೊ ಅದೊಂದೇ ರೀ ಇರೋದು! ಬೇರೆದ್ರಲ್ಲೆಲ್ಲ ಮುಖ ಗಂಟು. ದಿನಾ ನನ್ ಜಾಗ ನನ್ ಜಾಗ ಅಂತ ಪ್ರಾಣ ತಿಂತಿದ್ರಲ್ಲ, ಅದಕ್ಕೇ ಕಳಿಸ್ದೆ.”

“ಆ ಜಾಗಾನೇ ಹೋಯ್ತು ಕಣೇ! ನಿನ್ನಿಂದ ಹೋಯ್ತು!”

“ಹೋಗ್ಲಿ ಬಿಡಿ, ಪೀಡೆ ತೊಲಗಲಿ,” ಎಂದವಳೇ ಕೋಣೆಗೆ ಹೋಗಿ ಬಾಗಿಲು ಬಡಿದಳು.

ಫೋನು ಗುಂಯ್‌ಗುಡುತ್ತಿತ್ತು. ಗುಂಪಿನಲ್ಲಿ ಒಬ್ಬ ನನ್ನನ್ನು ದ್ರೋಹಿ ಅಂದಿದ್ದ, ಇನ್ನೊಬ್ಬ ಸರ್ಕಸ್ಸಿನವನು ಅಂದಿದ್ದ. ಅಷ್ಟರಲ್ಲಿ ಯಜಮಾನನೇ ಫೋನ್ ಮಾಡಿದ. ಇದು ನನ್ನ ಹೆಂಡತಿಯ ಕೆಲಸ, ನನಗೆ ಗೊತ್ತೇ ಇರಲಿಲ್ಲ ಎಂದೆ.

“ನನಗೂ ಹಾಗೇ ಅನ್ನಿಸಿತು,” ಎಂದ. “ಗುಂಪಿನಲ್ಲಿ ಅದನ್ನೇ ಬರೆದುಬಿಡು. ನಿನ್ನ ಜಾಗ ನಿನಗೇ.”

ಹೋದ ಜೀವ ಬಂದಂತಾಯಿತು. ಸುಮ್ಮನೆ ಫೋನ್ ಇಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ನಕ್ಕು ಮತ್ತೆ ಬಾಯಿಬಿಟ್ಟ: “ನಿಮ್ಮ ಕಡೆಯ ಹೆಂಗಸರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು! ಸ್ವಲ್ಪ ಹದ್ದುಬಸ್ತಿನಲ್ಲಿಟ್ಟುಕೋ.”

ಪಿತ್ತ ನೆತ್ತಿಗೇರಿತು. ನಾನು ಬೈಯುತ್ತೇನೆ, ಅವಳು ನನಗೆ ಬೈಯುತ್ತಾಳೆ, ಅದು ನಮ್ಮ ಮನೆಯ ವಿಷಯ. ಇವನ್ಯಾವ ಸೀಮೆ ದೊಣ್ಣೆನಾಯಕ? ಫೋನ್ ಕುಕ್ಕಿ ಗುಂಪಿನಲ್ಲಿ ಬರೆದೆ: ಫೋಟೊ ಕಳಿಸಿದ್ದು ನಾನೇ, ಏನು ಕಿತ್ತುಕೊಳ್ಳುತ್ತೀರೋ ಕಿತ್ತುಕೊಳ್ಳಿ. ಚಹಾ ಆರುವಷ್ಟರಲ್ಲಿ ನನ್ನನ್ನು ಗುಂಪಿನಿಂದ ತೆಗೆದಿದ್ದರು.

ಹೆಂಡತಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವಳಿಗಾಗಿ ಏನೋ ದೊಡ್ಡ ತ್ಯಾಗ ಮಾಡಿದಂತೆ ಆಗುತ್ತಿತ್ತು. ಅವಳ ಮೇಲಿನ ಸಿಟ್ಟೂ ನನಗಿನ್ನೂ ಇಳಿದಿರಲಿಲ್ಲ.

ಮರುವರ್ಷ ಕ್ರೀಡಾಂಗಣ ತೆರೆದಾಗ ರೈಲು ಬದಲಿಸುತ್ತ ಒಬ್ಬನೇ ಹೋದೆ. ನನ್ನ ಜಾಗದಲ್ಲಿ ಯಾವನೋ ನಿಂತಿದ್ದ. ಯಜಮಾನ ನನ್ನನ್ನು ನೋಡಿದ, ಮೈದಾನದ ಕಡೆ ತಿರುಗಿಕೊಂಡ. ಪಕ್ಕದವರು ಭುಜಕ್ಕೆ ಭುಜ ಕೊಟ್ಟು ಒತ್ತಾಗಿ ನಿಂತರು. ಒಬ್ಬನಾದರೂ ಬೈದಿದ್ದರೆ ತಿರುಗಿ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮುಂದಿನ ಪಂದ್ಯಕ್ಕೆ ಎದುರು ಬದಿಯ ಕುರ್ಚಿಗೆ ಟಿಕೆಟ್ ತೆಗೆದೆ. ಅಲ್ಲಿ ಕೂರುವವರು ಆಟದ ನಡುವೆ ಹವಾಮಾನದ ಮಾತಾಡುತ್ತಾರೆ. ಆಟಗಾರರು ಇಳಿದಾಗ ಆಚೆ ಮೆಟ್ಟಿಲುಗಳ ಮೇಲೆ ಹಾಡು ಎದ್ದಿತು. ನನಗರಿವಿಲ್ಲದೆ ಎದ್ದು ನಿಂತು ದನಿ ಸೇರಿಸಿದೆ. ಹಿಂದಿದ್ದವನು ಭುಜ ತಟ್ಟಿದ.

“ಕೂತ್ಕೊಳ್ಳಿ. ನನಗೆ ಆಟ ಕಾಣುತ್ತಿಲ್ಲ.”

ಕೂತೆ.