ಸಣ್ಣಸ್ವಾಮಿ ಬೆಲೆ ಕೇಳಿದ್ದು

ಕುಶಾಲನಗರದ ಪೇಟೆ ಬೀದಿಯಲ್ಲಿ ಸಣ್ಣಸ್ವಾಮಿಯ ಔಷಧಿ ಅಂಗಡಿ ಎಂದರೆ ಕಾಯಿಲೆ ಇಲ್ಲದವರೂ ಹೋಗಿ ಕೂರುವ ಜಾಗ. ಹದಿನೈದು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಮನುಷ್ಯ. ಯಾವ ಡಾಕ್ಟರ ಅಕ್ಷರವಾದರೂ ಸರಿ, ಚೀಟಿಯನ್ನು ಒಮ್ಮೆ ತಲೆಕೆಳಗು ಮಾಡಿ ನೋಡಿ ಓದಿಬಿಡುತ್ತಿದ್ದ. ಕಹಿ ಮಿಕ್ಸ್‌ಚರ್ ಕೊಡುವಾಗ, "ಮುಖ ಸಿಂಡರಿಸೋದಿದ್ರೆ ಇಲ್ಲೇ ಸಿಂಡರಿಸಿ ಹೋಗವ್ವ, ಮನೇಲಿ ಮಕ್ಳು ಹೆದರ್ತಾವೆ" ಎನ್ನುವನು. ಬಂದವರು ಅರ್ಧ ಗುಣವಾಗಿಯೇ ಮೆಟ್ಟಿಲಿಳಿಯುತ್ತಿದ್ದರು.

ಅವನಿಗೆ ಕಷ್ಟವಾಗುತ್ತಿದ್ದುದು ಒಂದೇ. ಹೊಸದಾಗಿ ಬರುತ್ತಿದ್ದ ಪರದೇಶದ ಕಂಪನಿಗಳ ಮಾತ್ರೆಗೆ ಬೆಲೆ ಹೇಳುವುದು. ಅದರಲ್ಲೂ ಶಿರಂಗಾಲದ ಚಲುವಮ್ಮನಿಗೆ.

ಚಲುವಮ್ಮನಿಗೆ ಸಕ್ಕರೆ ಕಾಯಿಲೆ. ಗಂಡ ಇರಲಿಲ್ಲ, ಎರಡೆಕರೆ ಹೊಲ ಗೇದು ಅವರೆ, ಬದನೆ, ಮೆಣಸಿನಕಾಯಿ ಬೆಳೆದು ಸಂತೆಗೆ ತರುವಳು. ಅವಳ ಮಾತ್ರೆ ಐವತ್ತರ ಸೀಸೆಗೆ ಹದಿನಾಲ್ಕು ರೂಪಾಯಿ. ದಿನಕ್ಕೆರಡರಂತೆ ತಿಂಗಳಿಗೆ ಮೊದಲೇ ಮುಗಿಯಬೇಕಾದ ಸೀಸೆಗೆ ಅವಳು ಬರುತ್ತಿದ್ದುದು ಎರಡು ತಿಂಗಳಿಗೊಮ್ಮೆ.

"ಚಲುವಕ್ಕ, ದಿನಾ ತಗೋತಾ ಇದ್ದೀಯೋ ಇಲ್ವೋ?"

"ದಿನಾ ತಗೊಂಡ್ರೆ ಬ್ಯಾಗ ಮುಗ್ದೋಯ್ತದಲ್ಲಣ್ಣ!" ಎಂದು ಅವಳು ನಗುವಳು. ಸಣ್ಣಸ್ವಾಮಿಗೆ ನಗು ಬರುತ್ತಿರಲಿಲ್ಲ.

ಅವಳ ಒಬ್ಬನೇ ಮಗ ದೇವರಾಜು ಮಿಲಿಟರಿಯಲ್ಲಿ ಡ್ರೈವರ್. ಶಾಂತಿ ಕಾಯುವ ಪಡೆಯ ಜೊತೆ ಗಾಜಾ ಎಂಬ ಮರಳುಸೀಮೆಗೆ ಹೋಗಿದ್ದವನು, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ನಾಲ್ಕನೆಯ ವರ್ಷ ರಜೆಯ ಮೇಲೆ ಊರಿಗೆ ಬಂದ. ಬಂದ ಮಾರನೆಯ ದಿನವೇ ಅಂಗಡಿಗೆ ನುಗ್ಗಿ ಎರಡು ಸೀಸೆಗಳನ್ನು ಮೇಜಿನ ಮೇಲೆ ಕುಕ್ಕಿದ.

"ನೋಡಿ ಮಾವ. ಇದು ನೀವು ನಮ್ಮವ್ವಂಗೆ ಕೊಟ್ಟಿದ್ದು. ಇದು ನಾನು ಬರೋ ದಾರೀಲಿ ಕೈರೋ ಪಟ್ನದಲ್ಲಿ ತಗೊಂಡಿದ್ದು. ಕಂಪನಿ ಅದೇ, ಹೆಸರು ಅದೇ, ಐವತ್ತು ಮಾತ್ರೆ. ಅಲ್ಲಿ ನಮ್ಮ ದುಡ್ನಲ್ಲಿ ಐದು ರೂಪಾಯಿ. ಒಬ್ಬಂಟಿ ಹೆಂಗ್ಸು ಅಂತ ಹದಿನಾಲ್ಕು ಕಿತ್ಕತೀರಾ?"

ಅಂಗಡಿಯಲ್ಲಿ ಕೂತಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಸಣ್ಣಸ್ವಾಮಿಯ ಕಿವಿ ಬಿಸಿಯಾಯಿತು. ಒಳಗೆ ಹೋಗಿ, ತಂತಿಗೆ ಚುಚ್ಚಿಟ್ಟಿದ್ದ ಬಿಲ್ಲುಗಳಲ್ಲಿ ಒಂದನ್ನು ಕಿತ್ತು ತಂದು ಹುಡುಗನ ಕೈಗಿಟ್ಟ. ಕಂಪನಿಯವರು ಅವನಿಗೆ ಕೊಟ್ಟ ಬೆಲೆಯೇ ಹದಿಮೂರೂವರೆ.

ದೇವರಾಜು ಅದನ್ನು ಎರಡು ಸಲ ಓದಿದ. "ತಪ್ಪಾಯ್ತು ಮಾವ" ಎಂದು ಬಗ್ಗಿ ಕಾಲು ಮುಟ್ಟಲು ಹೋದ.

"ಅದೆಲ್ಲ ಇರಲಿ, ಮೊದಲು ಆ ಸೀಸೆ ಕೊಡಪ್ಪ" ಎಂದ ಸಣ್ಣಸ್ವಾಮಿ. ಅವನ ನೋವು ಆಗಲೇ ಕುತೂಹಲವಾಗಿ ತಿರುಗಿತ್ತು. ಎರಡು ಸೀಸೆಯಿಂದಲೂ ಒಂದೊಂದು ಮಾತ್ರೆ ತೆಗೆದು ಬಿಳಿ ಕಾಗದದ ಮೇಲಿಟ್ಟು ಮುರಿದ, ಮೂಸಿದ, ಚೂರನ್ನು ನಾಲಿಗೆಗೆ ಹಚ್ಚಿಕೊಂಡ. ಎರಡೂ ಒಂದೇ ಕಹಿ. "ಭೇದವೇ ಇಲ್ಲ ಕಣೋ!" ಎಂದು ಗೆದ್ದವನ ಹಾಗೆ ನಕ್ಕುಬಿಟ್ಟ. ಇಷ್ಟು ವರ್ಷ ತನ್ನ ಬಾಯಿಂದ ಹೊರಡುತ್ತಿದ್ದ ಆ ಹದಿನಾಲ್ಕು ರೂಪಾಯಿ ತನ್ನದಲ್ಲ, ಅದನ್ನು ಯಾರೋ ಎಲ್ಲೋ ಕೂತು ಗೊತ್ತುಮಾಡಿದ್ದಾರೆ, ಅವರನ್ನು ಕೇಳಬಹುದು ಎಂಬುದು ಅವನಿಗೆ ಅಂದೇ ಹೊಳೆದದ್ದು.

ಅಂದು ಸಂಜೆ ಕಾಗದ ಲೇಖನಿ ಹಿಡಿದು ಕೂತ. ಹೆಂಡತಿ ಕಾಮಾಕ್ಷಮ್ಮ ಬಂದು ಬಗ್ಗಿ ನೋಡಿದಳು.

"ಆ ಕಂಪನಿಯ ಮುಂಬಯಿ ಆಫೀಸಿನೋರ ಹತ್ರ ಇಂಗ್ಲಿಷಿನಲ್ಲಿ ಜಗಳ ಆಡೋಕೆ ಬರುತ್ತಾ ನಿಮಗೆ?"

"ಜಗಳ ಅಲ್ಲ ಕಣೆ. ಬರೀ ಪ್ರಶ್ನೆ. ಒಂದೇ ಮಾತ್ರೆಗೆ ಒಂದೊಂದು ದೇಶದಲ್ಲಿ ಒಂದೊಂದು ಬೆಲೆ ಯಾಕೆ ಅಂತ."

ಮೊದಲ ಕಾಗದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದನ್ನು ಬರೆದು, ಬಸ್ಸು ಹತ್ತಿ ಸೋಮವಾರಪೇಟೆ, ಮೂರ್ನಾಡು, ವಿರಾಜಪೇಟೆ ಸುತ್ತಿ, ಅಲ್ಲಲ್ಲಿನ ಔಷಧಿ ಅಂಗಡಿಯವರ ಸಹಿ ಹಾಕಿಸಿಕೊಂಡು ಬಂದ. ಮೂರ್ನಾಡಿನ ಬೊಳ್ಳಪ್ಪ ಸಹಿ ಹಾಕಿದ್ದಲ್ಲದೆ ಊಟ ಹಾಕಿಸಿ, ದಾರಿಗೆ ಕಿತ್ತಳೆಹಣ್ಣನ್ನೂ ಕಟ್ಟಿಕೊಟ್ಟ. ಮನೆ ತಲುಪಿದ ಸಣ್ಣಸ್ವಾಮಿಗೆ ಮದುವೆ ಮಾಡಿಸಿಬಂದವನ ಹುರುಪು.

ತಿಂಗಳೊಳಗೆ ಕಂಪನಿಯ ಪ್ರತಿನಿಧಿ ಬಂದಿಳಿದ. ಟೈ, ಚರ್ಮದ ಚೀಲ, ಬೆಂಗಳೂರಿನ ನಯ. ಬಂದದ್ದು ಮಾತ್ರ ಸಂತೆಯ ದಿನ. ಅಂಗಡಿಯ ತುಂಬ ಜನ. ಮೂಲೆಯಲ್ಲಿ ಅರ್ಧ ಖಾಲಿಯಾದ ಅವರೆಕಾಯಿ ಕುಕ್ಕೆಯೊಂದಿಗೆ ಚಲುವಮ್ಮ.

"ನೀವು ಕೇಳೋದು ತಪ್ಪಲ್ಲ" ಎಂದ ಪ್ರತಿನಿಧಿ. "ಆದರೆ ಹೊಸ ಔಷಧಿ ಕಂಡುಹಿಡಿಯೋದು ಹುಡುಗಾಟವೇ? ವರ್ಷಗಟ್ಟಲೆ ದುಡ್ಡು ಸುರೀಬೇಕು."

"ಒಪ್ಪಿದೆ. ಆ ಖರ್ಚಿಗೆ ನಾವೂ ಪಾಲು ಹಾಕೋದು ನ್ಯಾಯವೇ. ಆದರೆ ಕೈರೋದವರ ಪಾಲು ಐದು, ಶಿರಂಗಾಲದವರ ಪಾಲು ಹದಿನಾಲ್ಕು ಯಾಕೆ?"

"ಅಲ್ಲಿನ ಸರ್ಕಾರ ಅಡ್ಡ ನಿಂತು ಬೆಲೆ ಕಟ್ಟಿದೆ. ಇಲ್ಲಿ ಯಾರೂ ಕೇಳಿಲ್ಲ."

"ಲಂಡನ್ನಿನಲ್ಲಿ ಎಷ್ಟು?"

ಪ್ರತಿನಿಧಿ ಟೈ ಸಡಿಲಿಸಿಕೊಂಡ. ಸುಳ್ಳು ಹೇಳುವ ಜಾತಿಯವನಲ್ಲ ಪಾಪ. "ಸುಮಾರು... ಒಂಬತ್ತು."

ಚಲುವಮ್ಮ ಎದ್ದು ನಿಂತಳು. "ಸ್ವಾಮಿ, ನಾನೂ ಯಾಪಾರದೋಳೆ. ಎಸ್ಟೇಟ್ ಬಂಗ್ಲೆ ಬಟ್ಲರು ಬಂದ್ರೆ ಅವರೆಕಾಯ್ಗೆ ನಾ ಹೇಳಿದ್ದೇ ರೇಟು. ಕೂಲಿ ಲೈನಿನ ಮಾರಿ ಬಂದ್ರೆ ಅಳತೆ ಮೇಲೊಂದು ಹಿಡಿ ಕೊಸರು ಹಾಕ್ತೀನಿ. ನೀವು ಬಂಗ್ಲೆಯೋರ್ಗೆ ಕೊಸರು ಹಾಕಿ ಲೈನಿನೋರ ಹತ್ರ ಕಿತ್ಕತೀರಲ್ಲ, ಇದ್ಯಾವ ಸೀಮೆ ಸಂತೆ?"

ಅಂಗಡಿ ಘೊಳ್ಳೆಂದಿತು. ಪ್ರತಿನಿಧಿಯೂ ನಕ್ಕ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, "ಅಮ್ಮ, ಇನ್ನೊಂದ್ಸಲ ಹೇಳಿ, ಬರ್ಕೋತೀನಿ. ಈ ಕೊಸರಿಗೆ ಇಂಗ್ಲಿಷಿನಲ್ಲಿ ಏನಂತಾರೋ ಗೊತ್ತಿಲ್ಲ, ಹೇಗೋ ತಿಳಿಸ್ತೀನಿ" ಎಂದ. ಹೊರಡುವಾಗ ಅವನು ಬೇಡವೆಂದರೂ ಬಿಡದೆ ಚಲುವಮ್ಮ ಅವನ ಚರ್ಮದ ಚೀಲಕ್ಕೆ ಎರಡು ಹಿಡಿ ಅವರೆಕಾಯಿ ತುಂಬಿದಳು.

ಮುಂದಿನ ಮಳೆಗಾಲದ ಹೊತ್ತಿಗೆ ಕಂಪನಿಯ ಹೊಸ ದರಪಟ್ಟಿ ಬಂತು. ಸಕ್ಕರೆ ಕಾಯಿಲೆಯ ಸೀಸೆ ಎಂಟೂವರೆ ರೂಪಾಯಿ. ಜೊತೆಗಿದ್ದ ಕಾಗದದಲ್ಲಿ 'ಕಂಪನಿಯು ಸ್ವಇಚ್ಛೆಯಿಂದ ಬೆಲೆ ಇಳಿಸಿದೆ' ಎಂದಿತ್ತು. ಕೊಡಗಿನ ಹೆಸರಾಗಲಿ, ಸಹಿಗಳ ಸುದ್ದಿಯಾಗಲಿ ಇರಲಿಲ್ಲ.

"ಸ್ವಇಚ್ಛೆಯಂತೆ!" ಎಂದು ಕಾಮಾಕ್ಷಮ್ಮ ಮೂಗು ಮುರಿದಳು. "ಅದೂ ಐದಕ್ಕೆ ಇಳೀಲಿಲ್ಲ."

"ಇಳಿಯೋವರೆಗೂ ಕೇಳೋಣ. ಕಾಗದಕ್ಕೇನು ಬರವೇ?" ಎಂದ ಸಣ್ಣಸ್ವಾಮಿ. ಆದರೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂಗಡಿಗೆ ಬೀಗ ಜಡಿದು, ಒಂದು ಸೀಸೆಯನ್ನು ಪಂಚೆಯ ಸೆರಗಿಗೆ ಗಂಟು ಹಾಕಿ, ಸೈಕಲ್ ಹತ್ತಿ ಶಿರಂಗಾಲದ ದಾರಿ ಹಿಡಿದ. ಮಳೆ ನಿಂತು ಹೊಳವಾಗಿತ್ತು. ದಾರಿಯ ಗುಂಡಿಗಳಲ್ಲೆಲ್ಲ ಕೆಸರು. ಎರಡು ಕಡೆ ಜಾರಿದ, ಒಂದು ಕಡೆ ಬಿದ್ದ. ಗಂಟು ಮಾತ್ರ ಕೈಬಿಡಲಿಲ್ಲ.

ಚಲುವಮ್ಮ ಪಕ್ಕದವರ ಗದ್ದೆಯಲ್ಲಿ ಮುಯ್ಯಾಳಾಗಿ ನಾಟಿ ಹಾಕುತ್ತಿದ್ದಳು. ಸಾಲಾಗಿ ಬಗ್ಗಿದ್ದ ಹೆಂಗಸರು ಸೈಕಲ್ ಗಂಟೆಗೆ ಸೊಂಟ ನೆಟ್ಟಗೆ ಮಾಡಿ ನಿಂತರು. ಸಣ್ಣಸ್ವಾಮಿ ಬದುವಿನ ಮೇಲೆ ನಿಂತು ಸೀಸೆ ಎತ್ತಿ ಹಿಡಿದು ಕೂಗಿದ:

"ಚಲುವಕ್ಕಾ, ಎಂಟೂವರೆ!"

"ಏನಣ್ಣಾ? ಎಂಟೂವರೆ ಬಸ್ಸು ಹೋಗಿ ಯಾವ ಕಾಲಾಯ್ತು!"

"ಬಸ್ಸಲ್ಲ ಕಣವ್ವ, ನಿನ್ನ ಮಾತ್ರೆ! ಇವತ್ತಿಂದ ದಿನಾ ಎರಡು ತಗೋಬೇಕು, ಗೊತ್ತಾಯ್ತಾ?"

ಚಲುವಮ್ಮ ಕೈಯಲ್ಲಿದ್ದ ಪೈರಿನ ಕಟ್ಟನ್ನು ಪಕ್ಕದವಳಿಗೆ ಕೊಟ್ಟು, ಕೆಸರನ್ನು ಸೀರೆಗೇ ಒರೆಸಿಕೊಂಡು ಬದುವಿನ ಕಡೆ ದಾಪುಗಾಲು ಹಾಕಿದಳು.