ಮೆಟ್ಟಿಲು ಗುಡಿಸುವ ಬಗ್ಗೆ ಲಕ್ಸೆಂಬರ್ಗಿನ ಉತ್ತರ

ನಮ್ಮ ಮೇಲಿನ ಮನೆಯ ರೋಸ್ವಿಟಾ ನಮ್ಮೂರು ಕಾರ್ಲ್ಸ್‌ರೂಹೆಯಲ್ಲಿರುವ ಜರ್ಮನಿಯ ಸಂವಿಧಾನ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳ ಕೆಂಪು ನಿಲುವಂಗಿಗಳಿಗೆ ಇಸ್ತ್ರಿ ಹಾಕುತ್ತಾಳೆ. ಇಪ್ಪತ್ತಾರು ವರ್ಷ ಆ ಬಟ್ಟೆಗಳ ಜೊತೆಗಿದ್ದು ಕಾನೂನು ಅವಳಿಗೂ ಒಂದಿಷ್ಟು ಅಂಟಿಕೊಂಡಿದೆ. ಗಂಡ ಎಗಾನ್ ನಿವೃತ್ತ ಟ್ರಾಮ್ ಚಾಲಕ. ಅವನ ಅಕ್ಕ ಗೆರ್ಲಿಂಡ ಲಕ್ಸೆಂಬರ್ಗಿನಲ್ಲಿ, ಯುರೋಪ್ ಒಕ್ಕೂಟದ ನ್ಯಾಯಾಲಯದ ಕ್ಯಾಂಟೀನಿನಲ್ಲಿ ಸೂಪು ಬಡಿಸುತ್ತಾಳೆ.

ಒಕ್ಕೂಟದ ಕಾನೂನಿನಲ್ಲಿ ಲಕ್ಸೆಂಬರ್ಗಿನವರ ಮಾತು ಎಲ್ಲ ದೇಶಗಳಿಗೂ ಅನ್ವಯ. ಅನುಮಾನ ಬಂದರೆ ದೇಶದೇಶಗಳ ನ್ಯಾಯಾಲಯಗಳು ಅಲ್ಲಿಗೆ ಪ್ರಶ್ನೆ ಬರೆದು ಕಳಿಸುತ್ತವೆ, ಉತ್ತರ ಬಂದಮೇಲೆ ತೀರ್ಪನ್ನು ತಾವೇ ಕೊಡುತ್ತವೆ. ನಮ್ಮೂರಿನ ನ್ಯಾಯಮೂರ್ತಿಗಳು ಮಾತ್ರ ‘ನೀವು ನಮ್ಮ ಜನರ ಹಕ್ಕು ಸರಿಯಾಗಿ ಕಾಯುತ್ತಿರುವವರೆಗೆ ನಾವು ಇಣುಕುವುದಿಲ್ಲ’ ಎನ್ನುತ್ತಾರೆ, ಕಣ್ಣನ್ನು ಮಾತ್ರ ಅತ್ತಲೇ ಇಟ್ಟಿರುತ್ತಾರೆ. ಈ ಇಬ್ಬರು ಹೆಂಗಸರ ನಡುವೆಯೂ ಹೆಚ್ಚುಕಡಿಮೆ ಅದೇ ಒಪ್ಪಂದ.

ಅರವತ್ತೊಂದನೇ ವಯಸ್ಸಿನಲ್ಲಿ ರೋಸ್ವಿಟಾ ಈಜು ಕಲಿಯಲು ಸೇರಿದಳು. ಶನಿವಾರ ಬೆಳಿಗ್ಗೆ ತರಗತಿ. ಒಂದು ವಾರ ತಪ್ಪಿಸಿದರೂ ಜಾಗ ಮುಂದಿನವರ ಪಾಲು. ನಮ್ಮ ಕಟ್ಟಡದಲ್ಲೋ ಸರದಿಯ ಹಲಗೆ ಆ ವಾರ ಯಾರ ಬಾಗಿಲಲ್ಲಿ ತೂಗುತ್ತದೋ ಅವರು ಶನಿವಾರ ಮಧ್ಯಾಹ್ನದೊಳಗೆ ಮೆಟ್ಟಿಲು ಗುಡಿಸಿ ಒರೆಸಬೇಕು.

“ಎಗಾನ್, ಇನ್ನು ಮೂರನೇ ಶನಿವಾರ ಹಲಗೆ ನಮ್ಮ ಬಾಗಿಲಲ್ಲಿರತ್ತೆ. ಗುಡಿಸೋದು ನೀನು.”

“ನಾನಾ? ಬೆಳಗ್ಗೆ ಐದಕ್ಕೆದ್ದು ಗುಡಿಸಿಟ್ಟು ಹೋಗೆ.”

“ಐದಕ್ಕೆ ನೀನೇ ಏಳು. ಬಾಗಿಲ ಮೇಲೆ ಇಬ್ಬರ ಹೆಸರೂ ಇದೆ. ಮೂವತ್ತು ವರ್ಷ ಟ್ರಾಮ್ ಓಡಿಸ್ದೋನಿಗೆ ಪೊರಕೆ ಓಡಿಸೋಕೆ ಬರಲ್ವಾ?”

“ನಮ್ಮ ಮನೆತನದಲ್ಲಿ ಗಂಡಸರು ಪೊರಕೆ ಹಿಡಿದಿಲ್ಲ. ಬೇಕಾದ್ರೆ ಅಕ್ಕನ್ನೇ ಕೇಳು.”

“ಕೇಳ್ತೀನಿ. ಆದ್ರೆ ತೀರ್ಪು ಇಲ್ಲೇ ಆಗೋದು.”

ಕೆಳಗಿಳಿದು ಬಂದು ನನ್ನ ಅಡುಗೆಮನೆಯ ಮೇಜಿನೆದುರೇ ಕೂತು ಗೆರ್ಲಿಂಡಳಿಗೆ ಕಾಗದ ಬರೆದಳು: ‘ಮನೆ ಚೊಕ್ಕಟವಾಗಿರಬೇಕೆಂಬ ಕುಟುಂಬದ ನಿಯಮವು ಗಂಡಸು ಮೆಟ್ಟಿಲು ಗುಡಿಸುವುದಕ್ಕೆ ಅಡ್ಡಿಯೆಂದು ಅರ್ಥಮಾಡಿಕೊಳ್ಳಬೇಕೆ? ಹೌದಾದರೆ, ಆ ಹೊತ್ತಿನಲ್ಲಿ ಸದರಿ ಗಂಡಸು ಸೋಫಾದ ಮೇಲೆ ಮಲಗಿರುವುದರಿಂದ ಉತ್ತರವು ಬದಲಾಗುತ್ತದೆಯೆ?’

“ಫೋನ್ ಮಾಡಬಾರ್ದೇನೇ?” ಎಂದೆ.

“ಫೋನಲ್ಲಿ ಕೇಳಿದ್ದನ್ನ ಅಲ್ಲಿ ಪ್ರಶ್ನೆ ಅಂತಾನೇ ಲೆಕ್ಕಕ್ಕೆ ತಗೊಳ್ಳಲ್ಲ ಕಣೆ.”

ಎರಡು ವಾರ ಉತ್ತರವಿಲ್ಲ. ರೋಸ್ವಿಟಾ ಈಜುಡುಗೆಯನ್ನು ಒಣಗಿಸಿ, ಮಡಿಸಿ, ಮತ್ತೆ ಬಿಚ್ಚಿ ನೋಡುತ್ತಿದ್ದಳು. ಎಗಾನ್ ಗೆದ್ದವನ ಹಾಗೆ ಶಿಳ್ಳೆ ಹೊಡೆಯುತ್ತಿದ್ದ. ಚಿಕ್ಕಂದಿನಲ್ಲಿ ತಾನು ಕೆಸರುಗಾಲಲ್ಲಿ ಹತ್ತಿದ ಮೆಟ್ಟಿಲುಗಳನ್ನು ತೊಳೆದವರು ಯಾರೆಂಬುದು ಅವನಿಗೆ ಮರೆತೇಹೋಗಿತ್ತು. ಗೆರ್ಲಿಂಡಳಿಗೆ ಮರೆತಿರಲಿಲ್ಲ.

ಶುಕ್ರವಾರ ಕಾಗದ ಬಂತು. ಎಗಾನ್ ಮೆಟ್ಟಿಲ ಮೇಲೆ ನಿಂತು, ಇಡೀ ಕಟ್ಟಡಕ್ಕೆ ಕೇಳುವಂತೆ ಓದತೊಡಗಿದ: “ಕುಟುಂಬದ ನಿಯಮವು ಗಂಡಸು ಗುಡಿಸುವುದಕ್ಕೆ ಅಡ್ಡಿಯಲ್ಲ. ಸೋಫಾದ ವಿಚಾರವನ್ನು ಪರಿಶೀಲಿಸುವುದು ಪ್ರಶ್ನೆ ಕೇಳಿದ ಮನೆಗೆ ಬಿಟ್ಟದ್ದು...” ಅಲ್ಲಿಗೆ ದನಿ ನಿಂತಿತು. ಕೊನೆಯ ಸಾಲನ್ನು ರೋಸ್ವಿಟಾಳೇ ಓದಿದಳು: “ಮೂಲೆಗಳನ್ನೂ ಗುಡಿಸೋ, ಸೋಮಾರಿ.”

“ಅಕ್ಕ ತನ್ನ ಅಧಿಕಾರ ಮೀರಿದಾಳೆ!”

“ಮೀರಿದಾಳೋ ಇಲ್ವೋ ಅಂತ ಹೇಳೋಳು ನಾನು. ಮೀರಿಲ್ಲ.”

ಮರುದಿನ ಹೆಗಲಿಗೆ ಚೀಲ ಏರಿಸಿಕೊಂಡು ಪೊರಕೆಯನ್ನು ಅವನ ಕೈಗಿತ್ತಳು. “ನೀನು ಸರಿಯಾಗಿ ಗುಡಿಸ್ತಿರೋವರೆಗೆ ನಾನು ಇಣುಕಲ್ಲ.”

“ಆಣೆ?”

“ಆಣೆ.”

ಮಧ್ಯಾಹ್ನ ಒದ್ದೆ ತಲೆಯಲ್ಲಿ ಬಂದಳು. ಇಷ್ಟು ವರ್ಷ ನಿಲುವಂಗಿಗಳಲ್ಲಿ ಒಂದು ಸುಕ್ಕನ್ನೂ ಬಿಡದೆ ಹುಡುಕಿದ ಕಣ್ಣು ಅವಳದು. ಆಣೆ ಉಳಿಸಿಕೊಳ್ಳಲು ಅದನ್ನು ಛಾವಣಿಗೆ ನೆಟ್ಟು ಮೆಟ್ಟಿಲು ಹತ್ತಿದಳು. ಮೂರನೇ ಮೆಟ್ಟಿಲ ಮೇಲೆ ಎಗಾನ್ ಬಕೆಟ್ಟು ಬಿಟ್ಟುಹೋಗಿದ್ದ.

ಬಕೆಟ್ಟೂ ಅವಳೂ ಉರುಳಿಕೊಂಡು ನನ್ನ ಬಾಗಿಲವರೆಗೆ ಬಂದರು.

“ನೋಡಲ್ಲ ಅಂತ ನೀನೇ ಅಂದಿದ್ದೆ!” ಎಂದು ಮೇಲಿನಿಂದ ಎಗಾನನ ದನಿ.

“ನೋಡ್ಲಿಲ್ಲ ಕಣೋ. ಅದಕ್ಕೇ ಬಿದ್ದೆ.”

ನಾನು ಎತ್ತಲು ಹೋದರೆ ಅವಳು ಚೆಲ್ಲಿದ ನೀರಲ್ಲೇ ಬೋರಲಾಗಿ ಎರಡೂ ಕಾಲು ಬಡಿದು ತೋರಿಸಿದಳು. “ಇವತ್ತು ಇದನ್ನ ಕಲಿಸಿದ್ರು, ನೋಡು!”

ಆಮೇಲೆ ನನ್ನ ಕುರ್ಚಿಯನ್ನು ಬಾಗಿಲಿಗೆ ಎಳೆಸಿಕೊಂಡು, ಟವೆಲ್ ಹೊದ್ದು ಕೂತಳು. ಎಗಾನ್ ಮೇಲಿನ ಮೆಟ್ಟಿಲಿಂದ ಮತ್ತೆ ಶುರುಮಾಡಿದ.

“ಎಡಗಡೆ ಮೂಲೆ,” ಎಂದಳು.